ನರೆ, ಕ್ರಾಪು, ಕಾಲರು: ಉದ್ಯೋಗಸ್ಥ ಗಂಡಸರ ಪ್ರಶ್ನೆಗಳು

ಈ ಸಂಚಿಕೆಗೆ ಆರಿಸಿಕೊಂಡಿರುವ ನಾಲ್ಕು ಪತ್ರಗಳೂ ನಲವತ್ತು ದಾಟಿದ ಗಂಡಸರಿಂದ ಬಂದವು. ಕೂದಲು ಮತ್ತು ಉಡುಪಿನ ವಿಷಯ ಕೇಳುವುದಕ್ಕೆ ನಾಲ್ವರೂ ಸಂಕೋಚಪಟ್ಟಿದ್ದಾರೆ. ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ದುಡಿದು, ಸಂದರ್ಶನ ಮಂಡಳಿಗಳಲ್ಲಿ ಕುಳಿತು ಎದ್ದ ನನಗೆ ಇವು ಸಣ್ಣ ಪ್ರಶ್ನೆಗಳೆಂದು ಅನಿಸುವುದಿಲ್ಲ. ನಮ್ಮಲ್ಲಿ ಗಂಡಸರು ಈ ಬಗ್ಗೆ ಮನಬಿಚ್ಚಿ ಮಾತಾಡುವುದು ಕಡಿಮೆ. ಕ್ಷೌರದಂಗಡಿಯವರು ಹೇಳಿದ್ದೇ ಸಲಹೆ, ಹಬ್ಬಕ್ಕೆ ಮನೆಯವರು ತಂದುಕೊಟ್ಟದ್ದೇ ಉಡುಪು ಎಂಬಂತೆ ವರ್ಷಗಳು ಕಳೆದುಹೋಗುತ್ತವೆ.

ಪ್ರಶ್ನೆ: ನನಗೆ 52 ವರ್ಷ. ಬ್ಯಾಂಕೊಂದರ ಶಾಖೆಯಲ್ಲಿ ಹಿರಿಯ ವ್ಯವಸ್ಥಾಪಕನಾಗಿದ್ದೇನೆ. ಹತ್ತು ಹನ್ನೆರಡು ವರ್ಷಗಳಿಂದ ತಲೆಗೂ ಮೀಸೆಗೂ ಡೈ ಹಚ್ಚಿಕೊಳ್ಳುತ್ತಿದ್ದೇನೆ. ಈಚೆಗೆ ಡೈ ಹಚ್ಚಿದ ಮರುದಿನ ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ತುರಿಕೆ ಶುರುವಾಗುತ್ತದೆ. ಕಳೆದ ಸಲ ಕಣ್ಣಿನ ರೆಪ್ಪೆಯೂ ಊದಿಕೊಂಡಿತ್ತು. ಪರಿಚಿತರೊಬ್ಬರು ‘ಬ್ಲ್ಯಾಕ್ ಹೆನ್ನಾ’ ಹಚ್ಚಿ, ಅದು ಗಿಡಮೂಲಿಕೆ, ಏನೂ ಆಗುವುದಿಲ್ಲ ಎಂದಿದ್ದಾರೆ. ಜೂನ್ ತಿಂಗಳಲ್ಲಿ ಬಡ್ತಿಯೊಂದಿಗೆ ಬೆಂಗಳೂರಿಗೆ ವರ್ಗವಾಗಲಿದೆ. ವರ್ಷದ ಕೊನೆಗೆ ಮಗಳ ಮದುವೆಯಿದೆ. ಅಲ್ಲಿಯವರೆಗಾದರೂ ಡೈ ಬಿಡಬೇಡಿ ಎಂದು ನನ್ನ ಪತ್ನಿ ಹೇಳುತ್ತಾರೆ. ಬಿಟ್ಟರೆ ಒಮ್ಮೆಲೇ ಮುದುಕನಂತೆ ಕಾಣುತ್ತೇನೆಂಬ ಅಳುಕು ನನಗೂ ಇದೆ. ಏನು ಮಾಡಲಿ?
— ಹೆಸರು ಬೇಡ, ಹಾಸನ

ಉತ್ತರ: ರೆಪ್ಪೆ ಊದಿಕೊಂಡಿತ್ತು ಎಂದು ನೀವು ಬರೆದಿರುವ ಒಂದು ಸಾಲು ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟುಬಿಟ್ಟಿದೆ. ಚರ್ಮರೋಗ ತಜ್ಞರನ್ನು ಕಾಣುವವರೆಗೆ ಯಾವ ಕಪ್ಪು ಬಣ್ಣವನ್ನೂ ತಲೆಗೆ ಸೋಕಿಸಬೇಡಿ. ಅಂಗಡಿಯಲ್ಲಿ ಸಿಗುವ ಬಹುತೇಕ ಶಾಶ್ವತ ಡೈಗಳಲ್ಲಿ ಪ್ಯಾರಾ ಫಿನೈಲೀನ್ ಡೈಅಮೀನ್, ಅಂದರೆ ವೈದ್ಯರು ‘ಪಿಪಿಡಿ’ ಎಂದು ಕರೆಯುವ ರಾಸಾಯನಿಕ ಅಥವಾ ಅದರ ಹತ್ತಿರದ ಬಂಧು ಇರುತ್ತದೆ. ಅದರ ಕಣಗಳು ಬಹಳ ಚಿಕ್ಕವು. ಪೆರಾಕ್ಸೈಡ್‌ನೊಂದಿಗೆ ಬೆರೆತು ಕೂದಲಿನ ಒಳಹೊಕ್ಕು ಅಲ್ಲಿ ದೊಡ್ಡ ಬಣ್ಣದ ಕಣಗಳಾಗಿ ಬೆಳೆಯುವುದರಿಂದಲೇ ಆ ಬಣ್ಣ ತೊಳೆದರೂ ಹೋಗುವುದಿಲ್ಲ. ಕೂದಲಿಗೆ ಇಳಿಯುವಷ್ಟು ಚಿಕ್ಕದಾದದ್ದು ಚರ್ಮಕ್ಕೂ ಇಳಿಯುತ್ತದೆ, ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಹತ್ತಾರು ವರ್ಷ ಹಚ್ಚಿದರೂ ಏನೂ ಆಗದವರಿಗೆ ಒಂದು ದಿನ ಇದು ಶುರುವಾಗಬಹುದು. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗುವ ಸಂಭವವೇ ಹೆಚ್ಚು. ನೆತ್ತಿಗಿಂತ ಕಿವಿ, ಕುತ್ತಿಗೆ, ಹಣೆಯಂಚು, ರೆಪ್ಪೆಗಳಂಥ ತೆಳು ಚರ್ಮದ ಜಾಗಗಳಲ್ಲಿ ಅದು ಮೊದಲು ಕಾಣಿಸುವುದರಿಂದ, ಡೈಗೂ ಇದಕ್ಕೂ ಸಂಬಂಧವಿದೆಯೆಂದು ಹಲವರಿಗೆ ಹೊಳೆಯುವುದೇ ಇಲ್ಲ. ಮುಖ ಊದಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರೆ ನುಂಗಿ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಪರಿಚಿತರ ಸಲಹೆ ಸದುದ್ದೇಶದ್ದೇ ಆದರೂ ಅಪಾಯದ್ದು. ಮದರಂಗಿ ಎಲೆಯ ಪುಡಿ ನರೆಗೂದಲಿಗೆ ಕೊಡುವುದು ಕೇಸರಿ ಮಿಶ್ರಿತ ಕೆಂಪು ಬಣ್ಣವನ್ನು ಮಾತ್ರ. ಅದರ ಮೇಲೆ ನೀಲಿ ಗಿಡದ ಎಲೆಯ ಪುಡಿಯನ್ನು ಇನ್ನೊಂದು ಸುತ್ತು ಹಚ್ಚಿದರೆ ಕಂದುಗಪ್ಪು ಬರುತ್ತದೆ. ಇದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಅರ್ಧ ಗಂಟೆಯಲ್ಲಿ ತಲೆಯನ್ನು ಕಾಡಿಗೆಯಂತೆ ಕಪ್ಪಾಗಿಸುವ ‘ಹೆನ್ನಾ’ ಪೊಟ್ಟಣದಲ್ಲಿ ಮದರಂಗಿಯ ಜೊತೆಗೆ ಪಿಪಿಡಿಯೂ ಇರುವುದೇ ಹೆಚ್ಚು. ‘ಅಮೋನಿಯಾ ಇಲ್ಲ’ ಎಂಬ ದೊಡ್ಡ ಅಕ್ಷರವನ್ನೂ ನಂಬಿ ಕೊಳ್ಳಬೇಡಿ, ಅಮೋನಿಯಾ ಬೇರೆ, ಇದು ಬೇರೆ. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ. ಡೈ ಹಚ್ಚುವ ಮುನ್ನ ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕೆಂಬ ಸೂಚನೆಯೂ ಅಲ್ಲೇ ಇರುತ್ತದೆ. ಆ ಪರೀಕ್ಷೆ ಇನ್ನೂ ತೊಂದರೆ ಕಾಣದವರಿಗೆ. ಈಗಾಗಲೇ ಊದಿಕೊಂಡಿರುವ ನೀವು ಅದನ್ನು ಮನೆಯಲ್ಲಿ ಮಾಡಿಕೊಳ್ಳಬಾರದು. ಬೆನ್ನಿನ ಮೇಲೆ ಸಣ್ಣ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಆಮೇಲೂ ಒಮ್ಮೆ ನೋಡುವ ಪರೀಕ್ಷೆಯನ್ನು ತಜ್ಞರೇ ಮಾಡುತ್ತಾರೆ.

ಮೀಸೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ತುಟಿಗೆ ಅಷ್ಟು ಹತ್ತಿರ, ಮೂಗಿಗೆ ಅಷ್ಟು ಹತ್ತಿರ ಡೈ ಹಚ್ಚುವುದು ಆರೋಗ್ಯವಂತರಿಗೂ ಒಳ್ಳೆಯದಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ತಲೆ ನರೆತು ಮೀಸೆ ಮಾತ್ರ ಕಡುಗಪ್ಪಾಗಿದ್ದರೆ ಎದುರಿಗೆ ಕೂತವರ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಬಿಡಿ.

ಇನ್ನು ಬಿಡುವ ಬಗೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಚ್ಚುವುದನ್ನು ನಿಲ್ಲಿಸಿದ ಮೂರು ವಾರಗಳಿಗೆ ಬೈತಲೆಯ ಎರಡೂ ಬದಿಗೆ ಬಿಳಿಯ ಗೆರೆ ಎದ್ದುಕಾಣುತ್ತದೆ. ಡೈ ಬಿಡಲು ಹೊರಟ ಬಹಳ ಜನ ಸೋಲೊಪ್ಪಿಕೊಂಡು ಮತ್ತೆ ಬಟ್ಟಲು ಕಲಸುವುದು ಆಗಲೇ. ಉದ್ದ ಕೂದಲಿನಲ್ಲಿ ಆ ಗೆರೆ ಎದ್ದುಕಾಣುತ್ತದೆ, ಗಿಡ್ಡ ಕೂದಲಿನಲ್ಲಿ ಮಾಸಿಹೋಗುತ್ತದೆ. ಹಾಗಾಗಿ ನಿಮ್ಮ ಕ್ಷೌರಿಕರಿಗೆ ಹೀಗೆ ಹೇಳಿ: ಪಕ್ಕಕ್ಕೂ ಹಿಂದಕ್ಕೂ ಮೂರನೇ ನಂಬರಿನ ಮಷಿನ್, ಅಂದರೆ ಸುಮಾರು ಒಂದು ಸೆಂಟಿಮೀಟರ್ ಉಳಿಯುವಂತೆ, ಮೇಲೆ ಕತ್ತರಿಯಿಂದ, ಬೆರಳ ಸಂದಿಗೆ ಸಿಗುವಷ್ಟು ಮಾತ್ರ. ಮೂರು ವಾರಕ್ಕೊಮ್ಮೆ ಇದೇ ಕಟಿಂಗ್ ಮಾಡಿಸಿ. ಮೊದಲ ತಿಂಗಳು ಕಳೆಯುವಷ್ಟರಲ್ಲಿ ಪಕ್ಕದ ಬಣ್ಣವೆಲ್ಲ ಕತ್ತರಿಸಿಹೋಗಿರುತ್ತದೆ, ಮೂರನೆಯ ತಿಂಗಳ ಹೊತ್ತಿಗೆ ಮೇಲಿನದೂ ಹೋಗುತ್ತದೆ.

ನಿಮ್ಮ ವರ್ಗಾವಣೆ ಇಲ್ಲಿ ದೊಡ್ಡ ಅನುಕೂಲ. ಈಗಲೇ ನಿಲ್ಲಿಸಿದರೆ ಬೆಂಗಳೂರಿನ ಕಚೇರಿಗೆ ಹಾಜರಾಗುವ ದಿನ ನೀವು ಗಿಡ್ಡ ನರೆಗೂದಲಿನ, ಅಚ್ಚುಕಟ್ಟಾದ ಅಧಿಕಾರಿಯಾಗಿರುತ್ತೀರಿ. ಅಲ್ಲಿನವರು ನಿಮ್ಮನ್ನು ಬೇರೆ ಬಗೆಯಲ್ಲಿ ಕಂಡೇ ಇರುವುದಿಲ್ಲ. ಹಾಸನದಲ್ಲಿ ಉಳಿದ ದಿನಗಳಲ್ಲಿ ‘ಏನ್ ಸಾರ್, ಹುಷಾರಿಲ್ವಾ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ‘ಡೈ ಮೈಗೆ ಒಗ್ಗಲಿಲ್ಲ, ಬಿಟ್ಟೆ’ ಎಂಬ ಒಂದು ಮಾತು ಸಾಕು. ಮೊದಲ ಕೆಲವು ವಾರ ವಯಸ್ಸಾದಂತೆ ಕಾಣುತ್ತೀರಿ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನೋಡುವವರ ಕಣ್ಣು ಒಗ್ಗುತ್ತದೆ. ಬಡ್ತಿ ಕೊಡುವವರ ಮೇಜಿನ ಮೇಲೆ ನಿಮ್ಮ ಹುಟ್ಟಿದ ದಿನಾಂಕ ಇದ್ದೇ ಇರುತ್ತದೆ. ಮಂಡಳಿಗಳಲ್ಲಿ ಕುಳಿತಾಗ ನಾನು ಗಮನಿಸುತ್ತಿದ್ದುದು ಕೂದಲಿನ ಬಣ್ಣವನ್ನಲ್ಲ, ಕಾಲರಿನ ಮೇಲೆ ಬಿದ್ದ ಹೊಟ್ಟು, ಕಿವಿಯಿಂದ ಚಾಚಿದ ಕೂದಲು, ಮೂಗಿನ ಹೊಳ್ಳೆ ಇವನ್ನು. ನರೆತವರು ಈ ಮೂರನ್ನೂ ವಾರಕ್ಕೊಮ್ಮೆ ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಬೇಕು. ಮಾಸಿದ ಕೆನೆಬಣ್ಣದ, ತೆಳು ಬೂದಿಬಣ್ಣದ ಅಂಗಿಗಳು ನರೆತ ತಲೆಯ ಕೆಳಗೆ ಮುಖವನ್ನು ಕಳೆಗುಂದಿಸುತ್ತವೆ. ಅಚ್ಚ ಬಿಳಿ, ನಡು ನೀಲಿ, ಕಡು ನೀಲಿ ನಮ್ಮ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತವೆ.

ನಿಮ್ಮ ಪತ್ನಿಯವರಿಗೆ ಗೌರವಪೂರ್ವಕವಾಗಿ ಒಂದು ಮಾತು. ಧಾರೆಯ ಹಿಂದಿನ ದಿನ ಡೈ ಹಚ್ಚಿ, ಮರುದಿನ ಕಣ್ಣು ಮುಚ್ಚಿಹೋದ ಮುಖದಲ್ಲಿ ಮಗಳನ್ನು ಧಾರೆಯೆರೆದು ಕೊಡುವುದಕ್ಕಿಂತ, ನರೆತ ತಲೆಗೆ ಪೇಟ ಸುತ್ತಿ ನಿಲ್ಲುವ ತಂದೆ ಎಷ್ಟೋ ಚೆನ್ನಾಗಿ ಕಾಣುತ್ತಾರೆ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಅಧ್ಯಾಪಕ, ವಯಸ್ಸು 44. ಐದಾರು ವರ್ಷಗಳಲ್ಲಿ ಸೊಂಟದ ಸುತ್ತಳತೆ 34ರಿಂದ 38 ಇಂಚಿಗೆ ಬಂದಿದೆ. ಸಿದ್ಧ ಉಡುಪಿನ ಅಂಗಡಿಯಲ್ಲಿ ಹೊಟ್ಟೆಗೆ ಸರಿಹೋಗುವ ಅಂಗಿ ಭುಜದಿಂದ ಜಾರುತ್ತದೆ, ಭುಜಕ್ಕೆ ಸರಿಹೋಗುವುದು ಹೊಟ್ಟೆಯ ಬಳಿ ಬಿರಿಯುತ್ತದೆ. ಈ ವರ್ಷದಿಂದ ಕಾಲೇಜಿನ ಸಭೆ ಸಮಾರಂಭಗಳ ಹೊಣೆ ನನ್ನದು. ಹೊಸದಾಗಿ ಏನು ಕೊಳ್ಳಲಿ?
— ಅಧ್ಯಾಪಕ, ದಾವಣಗೆರೆ

ಉತ್ತರ: ಅಂಗಿ ಕೊಳ್ಳುವ ಮೊದಲು ದರ್ಜಿಯನ್ನು ಹುಡುಕಿಕೊಳ್ಳಿ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ನಿಮ್ಮ ಊರಿನಲ್ಲಿ ಒಳ್ಳೆಯ ಬಟ್ಟೆಗೂ, ಕೈ ಪಳಗಿದ ದರ್ಜಿಗಳಿಗೂ ಕೊರತೆಯಿರಲಾರದು. ಸಿದ್ಧ ಉಡುಪನ್ನು ಎದೆಯ ಅಳತೆಗೆ ಒಂದು ಹೊಟ್ಟೆ ಎಂದು ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. ನಡುವಯಸ್ಸಿನಲ್ಲಿ ಆ ಲೆಕ್ಕ ತಪ್ಪುತ್ತದೆ. ದೋಷ ನಿಮ್ಮ ಮೈಯದಲ್ಲ.

ಅಳತೆ ಕೊಡುವಾಗ ನಾವೆಲ್ಲರೂ ಅರಿವಿಲ್ಲದೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತೇವೆ, ಆಮೇಲೆ ಎರಡು ವರ್ಷ ಆ ಅಂಗಿಯೊಳಗೆ ಉಸಿರುಗಟ್ಟುತ್ತೇವೆ. ಸಹಜವಾಗಿ ನಿಂತು, ಮಾತಾಡುತ್ತ ಅಳತೆ ಕೊಡಿ; ಕೂತಾಗಿನ ಹೊಟ್ಟೆಯ ಸುತ್ತಳತೆಯನ್ನೂ ತೆಗೆಯಲು ಹೇಳಿ. ಭುಜದ ಹೊಲಿಗೆ ಸರಿಯಾಗಿ ಭುಜದ ಮೂಳೆ ಮುಗಿಯುವಲ್ಲಿ ಇರಬೇಕು. ಅಲ್ಲಿಂದ ಒಂದಿಂಚು ಕೆಳಗಿಳಿದರೂ ಇಡೀ ಮನುಷ್ಯ ಸೋತು ಕುಗ್ಗಿದಂತೆ ಕಾಣುತ್ತಾನೆ, ಅಂಗಿ ಎಷ್ಟು ಬೆಲೆಬಾಳುವುದಾದರೂ ಅಷ್ಟೆ. ಕಾಲರಿನ ಗುಂಡಿ ಹಾಕಿದಾಗ ಎರಡು ಬೆರಳು ಒಳಗೆ ಹೋಗಬೇಕು. ತುಂಬು ತೋಳಿನ ಪಟ್ಟಿ ಮಣಿಕಟ್ಟಿನ ಮೂಳೆಯನ್ನು ಮುಟ್ಟಬೇಕು. ಕೂತಾಗ ಹೊಟ್ಟೆಯ ಮೇಲಿನ ಗುಂಡಿಗಳ ನಡುವೆ ಬಟ್ಟೆ ಬಾಯಿಬಿಟ್ಟು ಬನಿಯನ್ ಕಾಣುವಂತಿದ್ದರೆ ಆ ಅಂಗಿಯನ್ನು ತರಗತಿಗೆ ಹಾಕಿಕೊಂಡು ಹೋಗಬೇಡಿ.

ಪ್ಯಾಂಟಿನ ವಿಷಯದಲ್ಲಿ ಹೊಟ್ಟೆಯಿರುವವರು ಸಾಮಾನ್ಯವಾಗಿ ಬೆಲ್ಟನ್ನು ಹೊಟ್ಟೆಯ ಕೆಳಕ್ಕೆ ಇಳಿಸುತ್ತಾರೆ. ಅದರಿಂದ ಹೊಟ್ಟೆ ಇನ್ನಷ್ಟು ಮುಂದೆ ಬಂದಂತೆ, ಕಾಲು ಗಿಡ್ಡವಾದಂತೆ ಕಾಣುತ್ತದೆ, ಹೆಜ್ಜೆಗೊಮ್ಮೆ ಪ್ಯಾಂಟ್ ಎಳೆದುಕೊಳ್ಳಬೇಕಾಗುತ್ತದೆ. ಹೊಕ್ಕುಳಿಗಿಂತ ತುಸುವೇ ಕೆಳಗೆ ನಿಲ್ಲುವಂತೆ, ಮುಂದೆ ಒಂದು ಪ್ಲೀಟ್ ಇಟ್ಟು ಹೊಲಿಸಿ; ಪಕ್ಕದ ಜೇಬುಗಳು ಕಿವಿಯಂತೆ ಅರಳಿ ನಿಲ್ಲುವುದು ಪ್ಲೀಟಿನಿಂದ ತಪ್ಪುತ್ತದೆ. ಸೊಂಟದ ಹಿಂಭಾಗದಲ್ಲಿ ಒಂದೂವರೆ ಇಂಚು ಬಟ್ಟೆಯನ್ನು ಒಳಗೆ ಮಡಿಸಿ ಬಿಡಲು ಹೇಳಿ. ತೂಕ ಏರಿದರೂ ಇಳಿದರೂ ಆಲ್ಟರೇಷನ್‌ಗೆ ಅವಕಾಶವಿರುತ್ತದೆ. ತುಂಬು ತೋಳಿನ ಅಂಗಿಗೆ 36 ಇಂಚು ಪನ್ನದ ಬಟ್ಟೆ ಸಾಮಾನ್ಯವಾಗಿ ಎರಡೂಕಾಲು ಮೀಟರ್ ಸಾಕು, ನಿಮ್ಮ ಮೈಕಟ್ಟಿಗೆ ಎರಡೂವರೆ ತೆಗೆದುಕೊಳ್ಳುವುದು ಕ್ಷೇಮ. 58 ಇಂಚು ಪನ್ನದ ಪ್ಯಾಂಟ್ ಬಟ್ಟೆ ಒಂದೂಕಾಲು ಮೀಟರಿನ ಆಸುಪಾಸು. ಹತ್ತಿ ಬಟ್ಟೆಯಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಹೊಲಿಯಲು ಕೊಡಿ. ಹೊಲಿದ ಮೇಲೆ ಕುಗ್ಗಿದರೆ ಯಾರನ್ನೂ ದೂರುವಂತಿಲ್ಲ. ದಸರಾ, ದೀಪಾವಳಿಯ ಮುಂಚಿನ ವಾರಗಳಲ್ಲಿ ಕೊಟ್ಟರೆ ಅವಸರದ ಹೊಲಿಗೆ ಸಿಗುತ್ತದೆ, ಆಷಾಢದಲ್ಲಿ ಕೊಡಿ.

ಅಧ್ಯಾಪಕರಿಗೆಂದೇ ಇರುವ ತೊಡಕು ಸೀಮೆಸುಣ್ಣದ ಪುಡಿ. ಕಪ್ಪು, ಕಡು ನೀಲಿ ಪ್ಯಾಂಟಿನ ಮೇಲೆ ಬೆರಳಚ್ಚು ಸಹಿತ ಎದ್ದುಕಾಣುತ್ತದೆ. ನಡು ಬೂದು, ಖಾಕಿಗೆ ಹತ್ತಿರದ ಬಣ್ಣಗಳು ಪಾಠದ ದಿನಗಳಿಗೆ ಒಳ್ಳೆಯವು, ಕಡು ಬಣ್ಣಗಳನ್ನು ವೇದಿಕೆಯ ದಿನಗಳಿಗೆ ಇಟ್ಟುಕೊಳ್ಳಿ. ತೆಳು ಬಿಳಿ ಅಂಗಿಯೊಳಗೆ ತೋಳಿಲ್ಲದ ಬನಿಯನ್ನಿನ ಗೆರೆ ಹೊರಗೆ ಕಾಣುವುದರಿಂದ ತೋಳಿರುವ ಬನಿಯನ್ ತೊಡಿ. ಖಾದಿ ಒಗ್ಗುವುದಾದರೆ ಗಂಜಿ, ಇಸ್ತ್ರಿಗೆ ಸಮಯ ಕೊಡಬಲ್ಲಿರಾ ಎಂದು ಮೊದಲು ಯೋಚಿಸಿ. ಇಸ್ತ್ರಿ ಕಂಡ ಖಾದಿಯಷ್ಟು ಘನತೆ ಬೇರೆ ಬಟ್ಟೆಗೆ ಇಲ್ಲವೆಂದು ನಂಬುವವನು ನಾನು. ಮುದುಡಿದ ಖಾದಿ ಮಾತ್ರ ಮೈಗಳ್ಳತನವೆಂದೇ ಕಾಣುತ್ತದೆ. ಒಟ್ಟಿನಲ್ಲಿ ಹತ್ತು ಅಂಗಿ ಬೇಡ. ವಾರದ ಆರು ದಿನಕ್ಕೆ ಆರು, ಮೈಗೆ ಕೂರುವಂಥವು ಸಾಕು.

ಪ್ರಶ್ನೆ: ನನಗೆ 47 ವರ್ಷ. ಭುಜದವರೆಗೆ ಕೂದಲು ಬಿಟ್ಟಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಇಷ್ಟು ವರ್ಷ ಯಾರೂ ಏನೂ ಅನ್ನಲಿಲ್ಲ. ಈಗ ಖಾಸಗಿ ಆಸ್ಪತ್ರೆಯೊಂದರ ಆಡಳಿತಾಧಿಕಾರಿಯಾಗಿ ಸೇರಲಿದ್ದೇನೆ. ಸಂದರ್ಶನದ ಕೊನೆಯಲ್ಲಿ ಒಬ್ಬರು ‘ಕೂದಲ ವಿಷಯ ಸ್ವಲ್ಪ ನೋಡಿಕೊಳ್ಳಿ’ ಎಂದರು. ಕತ್ತರಿಸಲೇಬೇಕೇ?
— ಓದುಗ, ಮೈಸೂರು

ಉತ್ತರ: ಆ ಮಾತಿನ ಅರ್ಥವನ್ನು ನೀವೇ ಊಹಿಸಿಕೊಂಡು ಕೊರಗಬೇಡಿ. ಸೇರುವ ಮುನ್ನ ಸಿಬ್ಬಂದಿ ವಿಭಾಗಕ್ಕೆ ಒಂದು ಮಿಂಚಂಚೆ ಬರೆದು, ಪುರುಷ ಸಿಬ್ಬಂದಿಯ ಕೂದಲಿನ ಬಗ್ಗೆ ಲಿಖಿತ ನಿಯಮವಿದೆಯೇ, ಒಟ್ಟುಮಾಡಿ ಕಟ್ಟಿದರೆ ಸಾಕೇ ಎಂದು ಕೇಳಿ. ರೋಗಿಗಳ ಬಳಿ ಓಡಾಡುವವರ ಕೂದಲು ಹಾರಾಡಬಾರದೆಂಬುದು ಆಸ್ಪತ್ರೆಯಲ್ಲಿ ನ್ಯಾಯವಾದ ಬೇಡಿಕೆ, ಅದು ಹೆಂಗಸರಿಗೂ ಅನ್ವಯಿಸುತ್ತದೆ. ಅದಕ್ಕೆ ಕಟ್ಟಿದ ಕೂದಲೇ ಪರಿಹಾರ. ‘ಗಂಡಸಿಗೆ ಇದು ಸಲ್ಲದು’ ಎಂಬುದಷ್ಟೇ ಕಾರಣವಾದರೆ, ನಿಮ್ಮ ಊರಿನ ಇತಿಹಾಸವನ್ನೇ ನೆನೆಯಬಹುದು. ಹಳೆಯ ಮೈಸೂರಿನಲ್ಲಿ ವಕೀಲರು, ಮೇಷ್ಟರು, ಗುಮಾಸ್ತರು ಪೇಟದ ಕೆಳಗೆ ಜುಟ್ಟು ಕಟ್ಟಿಕೊಂಡೇ ಕಚೇರಿಗೆ ಹೋಗುತ್ತಿದ್ದರು. ಇಂಗ್ಲಿಷ್ ಶಿಕ್ಷಣದ ಗಾಳಿಗೆ ಜುಟ್ಟು ತೆಗೆಸಿ ‘ಕ್ರಾಪು’ ಬಿಟ್ಟ ಹುಡುಗರನ್ನು ಮನೆಯ ಹಿರಿಯರು ಬೈದು ಗೋಳಾಡಿದ ಕಾಲವೊಂದಿತ್ತು. ಗಿಡ್ಡ ಕೂದಲೇ ಗಂಭೀರವೆಂಬ ತಿಳಿವಳಿಕೆಗೆ ನಮ್ಮಲ್ಲಿ ನೂರು ವರ್ಷ ಹೆಚ್ಚೂಕಡಿಮೆ ವಯಸ್ಸು, ಅಷ್ಟೆ.

ಆದರೂ ಹೊಸ ಜಾಗದಲ್ಲಿ ಜನ ಮೊದಲು ಕಣ್ಣಿನಿಂದಲೇ ಅಳೆಯುತ್ತಾರೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಉದ್ಯೋಗದಲ್ಲಿ ಅರ್ಧದಷ್ಟಾದರೂ ನಿಜ. ಉದ್ದ ಕೂದಲು ಉಳಿಸಿಕೊಳ್ಳುವವರು ಉಳಿದುದರಲ್ಲಿ ಸಡಿಲ ಬಿಡುವಂತಿಲ್ಲ. ದಿನ ಬಿಟ್ಟು ದಿನ ತೊಳೆದು, ಬಾಚಿ, ಕುತ್ತಿಗೆಯ ಬಳಿ ತಗ್ಗಿನಲ್ಲಿ ಕಟ್ಟಿ. ತುಂಬು ತೋಳಿನ ಅಂಗಿ, ಚರ್ಮದ ಷೂ ತೊಡಿ, ಗಡ್ಡವಿದ್ದರೆ ಗೆರೆ ಕೊರೆದಂತಿರಲಿ. ಇನ್ನೊಂದು ವಿಷಯ ವೈದ್ಯಕೀಯದ್ದು. ದಿನವೂ ಬಿಗಿದು ಕಟ್ಟಿದರೆ ಹಣೆಯಂಚಿನ ಬುಡಗಳು ಎಳೆತಕ್ಕೆ ಸಡಿಲಗೊಂಡು ಕೂದಲು ಉದುರುತ್ತದೆ, ಬಹುಕಾಲ ಹಾಗೇ ಮುಂದುವರಿದರೆ ಮತ್ತೆ ಹುಟ್ಟುವುದಿಲ್ಲ. ಬರಿ ರಬ್ಬರ್ ಬೇಡ, ಬಟ್ಟೆ ಸುತ್ತಿದ ಬ್ಯಾಂಡಿನಲ್ಲಿ ಸಡಿಲವಾಗಿ ಕಟ್ಟಿ. ನೆತ್ತಿ ತೆಳುವಾಗುತ್ತ ಬಂದು ಹಿಂದೆ ಮಾತ್ರ ಉದ್ದ ಉಳಿದಿದ್ದರೆ, ನನ್ನ ಪ್ರಾಮಾಣಿಕ ಸಲಹೆ ಕತ್ತರಿಸಿಬಿಡಿ ಎಂಬುದೇ.

ಪ್ರಶ್ನೆ: ನಾನು 53 ವರ್ಷದ ವಕೀಲ. ನೆತ್ತಿ ಪೂರ್ತಿ ಬೋಳಾಗಿದೆ. ಎಡಗಿವಿಯ ಮೇಲಿನ ಕೂದಲನ್ನು ಉದ್ದ ಬಿಟ್ಟು ಬಲಕ್ಕೆ ಬಾಚಿ ಮುಚ್ಚುತ್ತೇನೆ. ಕೂದಲು ಕಸಿ ಮಾಡಿಸಲೇ, ವಿಗ್ ಹಾಕಲೇ? ಜೊತೆಗೆ, ಬೇಸಿಗೆಯಲ್ಲಿ ಕರಿಕೋಟಿನೊಳಗೆ ಬೆವರಿ ತೊಯ್ದುಹೋಗುತ್ತೇನೆ, ಇದಕ್ಕೇನಾದರೂ ದಾರಿಯಿದೆಯೇ?
— ನ್ಯಾಯವಾದಿ, ಕಲಬುರಗಿ

ಉತ್ತರ: ಬಾಚಿ ಮುಚ್ಚುವುದನ್ನು ನಾಳೆಯೇ ನಿಲ್ಲಿಸಿ. ಫ್ಯಾನಿನ ಕೆಳಗೆ ನಿಂತು ವಾದಿಸುವಾಗ ಅದು ಎದ್ದುಬಿಡುತ್ತದೆಂಬ ಚಿಂತೆಯೇ ನಿಮ್ಮ ಗಮನವನ್ನು ಕದಿಯುತ್ತಿರುತ್ತದೆ. ಸುತ್ತಲಿನ ಕೂದಲನ್ನು ಒಂದನೇ ಅಥವಾ ಎರಡನೇ ನಂಬರಿಗೆ ಇಳಿಸಿ, ಬೋಳನ್ನು ಬೋಳಾಗಿಯೇ ಬಿಡಿ. ಹದಿನೈದು ದಿನಕ್ಕೊಮ್ಮೆ ಸರಿಮಾಡಿಸಿ. ಮಿನಾಕ್ಸಿಡಿಲ್ ದ್ರಾವಣ, ಫಿನಾಸ್ಟರೈಡ್ ಮಾತ್ರೆ ಉದುರುವಿಕೆ ಶುರುವಾದ ದಿನಗಳಲ್ಲಿ ಹೆಚ್ಚು ಪ್ರಯೋಜನಕಾರಿ, ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಮಾತ್ರೆಗೆ ಅಡ್ಡಪರಿಣಾಮಗಳೂ ಉಂಟಾದ್ದರಿಂದ ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು. ಕಸಿಯಲ್ಲಿ ಹಿಂದಲೆಯ ಬುಡಗಳನ್ನು ಕಿತ್ತು ನೆತ್ತಿಗೆ ನೆಡುತ್ತಾರೆ. ಹಿಂದಲೆಯಲ್ಲಿ ಇರುವಷ್ಟೇ ಬಂಡವಾಳ. ಮಾಡಿಸುವುದೇ ಆದರೆ ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಬಳಿ ಮಾತ್ರ ಮಾಡಿಸಿ. ವಿಡಿಯೊ ನೋಡಿ ಕಲಿತದ್ದು ಇದಕ್ಕೆ ತರಬೇತಿಯಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಎಚ್ಚರಿಸಿದೆ. ವಿಗ್ಗನ್ನು ನಿಮ್ಮ ಊರಿನ ಬಿಸಿಲಿಗೆ ನಾನು ಸೂಚಿಸಲಾರೆ.

ಕೋಟಿನ ವಿಷಯದಲ್ಲಿ ನಿಯಮವೇ ನಿಮ್ಮ ಪರವಾಗಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳನ್ನು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯವಲ್ಲ. ಗೌನ್ ಕೂಡ ಆ ಎರಡು ಕಡೆ ಬಿಟ್ಟರೆ ಐಚ್ಛಿಕ. ಜಿಲ್ಲಾ ನ್ಯಾಯಾಲಯದಲ್ಲಿ ಬಿಳಿ ಅಂಗಿ, ಕೊರಳಿಗೆ ಕಟ್ಟುವ ಬಿಳಿ ಪಟ್ಟಿ ಅಂದರೆ ಬ್ಯಾಂಡ್, ಕಪ್ಪು ಅಥವಾ ಬೂದು ಪ್ಯಾಂಟಿನಲ್ಲಿ ನೀವು ಹಾಜರಾಗಬಹುದು. ಕಲಬುರಗಿಯಲ್ಲಿಯೇ ಇರುವ ಹೈಕೋರ್ಟ್ ಪೀಠದ ಮುಂದೆ ಹೋಗುವ ದಿನ ಮಾತ್ರ ಕೋಟು, ಗೌನ್ ಎರಡೂ ಬೇಕು. ಆ ದಿನಗಳಿಗೆಂದು ಬೆನ್ನಿನ ಭಾಗಕ್ಕೆ ಅಸ್ತರಿಲ್ಲದ, ತೆಳು ಬಟ್ಟೆಯ ಇನ್ನೊಂದು ಕೋಟು ಹೊಲಿಸಿಕೊಳ್ಳಿ. ಕಪ್ಪು ಮಾಸಿ ಹಸಿರಿಗೆ ತಿರುಗಿ, ಕಂಕುಳಲ್ಲಿ ಬೆವರುಪ್ಪಿನ ಬಿಳಿ ಗೆರೆ ಕಾಣತೊಡಗಿದ ಹಳೆಯ ಕೋಟನ್ನು ಇನ್ನು ಕೋರ್ಟಿಗೆ ಹಾಕಿಕೊಂಡು ಹೋಗಬೇಡಿ. ಬ್ಯಾಂಡುಗಳನ್ನು ಮೂರು ಜೊತೆ ಇಟ್ಟುಕೊಂಡು ದಿನಕ್ಕೊಂದರಂತೆ ಒಗೆದು ಬಳಸಿ.